ಬಾರದ ಳಕಾರ

"ಉಸಿರು ಬಿಗಿಹಿಡಿದುಕೊಳ್ಳಿ ಅಮ್ಮಾ, ಇದು ಕೊನೇ ಸುತ್ತು," ಎಂದ ರಿಪೇರಿಯವನು. "ಮುದುಕಪ್ಪ ಇನ್ನೊಂದು ಸಲ ತಿರುಗ್ತಾನೆ ಅಂತ ನಾನಂತೂ ಮಾತು ಕೊಡಲ್ಲ."

ಮುದುಕಪ್ಪನೆಂದರೆ ಸ್ಪಂಜಿನ ತುಂಡಿನ ಮೇಲೆ ಮಲಗಿಸಿದ್ದ ಹಳೆಯ ಹಾರ್ಡ್ ಡಿಸ್ಕು. ಅದರ ಹೊಟ್ಟೆಯೊಳಗಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ನಡುನಡುವೆ ಅದು ನಿಲ್ಲುತ್ತಿತ್ತು. ನಿಂತಾಗಲೆಲ್ಲ ಖಾಸಗಿ ಪತ್ತೇದಾರಿಣಿ ಅದರತ್ತ ಬಾಗಿ ಕಿವಿಗೊಡುತ್ತಿದ್ದಳು.

ಪೊಲೀಸ್ ಠಾಣೆಯವರು ಆಕೆಗೆ 'ಗರಗಸ' ಎಂದು ಹೆಸರಿಟ್ಟಿದ್ದರು. ಕೇಳಿದ್ದನ್ನೇ ಕೇಳಿ ಜೀವ ಕೊಯ್ಯುತ್ತಾಳೆಂಬುದು ಅವರ ಹಾಸ್ಯ. ಇಂದು ಆ ಗರಗಸಕ್ಕೆ ಹಲ್ಲೇ ಉಳಿದಿರಲಿಲ್ಲ. ಬಿಚ್ಚಿದ ಯಂತ್ರಗಳ ನಡುವೆ, ಕಾಲು ಅಲುಗುವ ಒಂದು ಕುರ್ಚಿಯಲ್ಲಿ, ಆಕೆ ಪರದೆಯನ್ನೇ ನೋಡುತ್ತ ಕುಳಿತಿದ್ದಳು.

ಕಾಣೆಯಾದವಳು ಚೂಟಿ. ಊರು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದ ಉದ್ಯೋಗಿ. ನೀರು ವಿಷವಾಗಿದೆಯೆಂದು ವರದಿ ಬರೆದಿದ್ದಳು. ಮೇಲಿನವರು ಆ ಬರಹವನ್ನು ಹೊಡೆದುಹಾಕಿ 'ಶುದ್ಧ' ಎಂದು ತಿದ್ದಿದ್ದನ್ನು ಚಿತ್ರ ತೆಗೆದು ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಒಂದು ಸಂಜೆ ಅವಳು ಮನೆಗೆ ಬರಲಿಲ್ಲ. ಅವಳ ಬದಲು ಮಾರನೆಯ ದಿನ ಆ ಕಂಪ್ಯೂಟರಿನ ಪರದೆಯ ಮೇಲೆ ವಿದಾಯದ ನಾಲ್ಕು ಸಾಲುಗಳು ಸಿಕ್ಕವು. ಪೊಲೀಸರು ಕಡತ ಮುಚ್ಚಿ ಕೈ ತೊಳೆದುಕೊಂಡರು. ಆ ಕಂಪ್ಯೂಟರಿನ ಡಿಸ್ಕೇ ಈ ಮುದುಕಪ್ಪ.

ವಯಸ್ಸಿಗೆ ಬಂದ ಹೆಣ್ಣುಮಗಳೊಬ್ಬಳು ಕಾಣೆಯಾದರೆ 'ಮನೆ ಬಿಟ್ಟು ಹೋದಳು' ಎಂದು ಬರೆಯುವುದಕ್ಕೆ ಈ ಸಮಾಜಕ್ಕೆ ಎಷ್ಟು ಕಡಿಮೆ ಶಾಯಿ ಸಾಕು! ಅವಳು ಯಾವ ಸತ್ಯವನ್ನು ಕೈಯಲ್ಲಿ ಹಿಡಿದುಕೊಂಡು ಹೋದಳೆಂದು ಕೇಳುವವರಿಲ್ಲ. ಯಾರೊಡನೆ ಹೋದಳೆಂದು ಕೇಳುವವರು ಬೀದಿಗೊಬ್ಬರು.

"ಚಿತ್ರಗಳು?" ಎಂದು ಆಕೆ ಕೇಳಿದಳು.

ರಿಪೇರಿಯವನು ಮೌಸ್ ಒತ್ತಿದ. ಪರದೆಯ ಮೇಲೆ ಒಂದರ ಹಿಂದೆ ಒಂದು ಬೂದು ಬಣ್ಣದ ಚೌಕಗಳು ತೆರೆದವು. ಒಂದರಲ್ಲಿ ಗಾಜಿನ ಬಾಟಲಿಯ ಕುತ್ತಿಗೆ ಮಾತ್ರ ಉಳಿದಿತ್ತು. ಇನ್ನೊಂದರಲ್ಲಿ ಹಾಳೆಯ ಅಂಚು ಹಿಡಿದ ಚೂಟಿಯ ಹೆಬ್ಬೆರಳು. ಉಳಿದದ್ದೆಲ್ಲ ಬೂದಿ ಬಳಿದಂತೆ.

"ಅಳಿಸೋದು ಅಂದ್ರೆ ಪುಸ್ತಕದ ಪರಿವಿಡಿ ಹರಿದುಹಾಕಿದ ಹಾಗೆ ಅಮ್ಮಾ. ಪುಟಗಳು ಇದ್ದಲ್ಲೇ ಇರ್ತವೆ, ತಡಕಾಡಿ ತೆಗೀಬಹುದು. ಆದ್ರೆ ಆ ಪುಟದ ಮೇಲೇ ಬೇರೆ ಏನೋ ಬರೆದ್ರೆ ದೇವರು ಬಂದ್ರೂ ಓದಕ್ಕಾಗಲ್ಲ." ಅವನು ಕತ್ತು ತುರಿಸಿಕೊಂಡ. "ಆ ಹುಡುಗಿ ಮನೆ ಅಳಿಯ, ಅವಳ ಅಕ್ಕನ ಗಂಡ, ತಂದುಕೊಟ್ಟು, ಎಲ್ಲ ಒರೆಸಿ ಹೊಸದಾಗಿ ಹಾಕಿಕೊಡು, ಮಾರಬೇಕು ಅಂದ್ರು. ಹಾಕಿಕೊಟ್ಟೆ, ಕೊಳ್ಳೋರು ಸಿಗದೆ ಇಲ್ಲೇ ಬಿದ್ದಿತ್ತು. ನನ್ನ ಕೆಲಸದ ಬಗ್ಗೆ ಇದುವರೆಗೂ ಯಾರೂ ದೂರು ಹೇಳಿಲ್ಲ ನೋಡಿ, ಅಷ್ಟು ಚೊಕ್ಕಟವಾಗಿ ಹಾಕಿದೀನಿ."

"ಹೌದು. ಬಹಳ ಚೊಕ್ಕಟವಾಗಿದೆ," ಎಂದಳು ಆಕೆ.

ಅವನು ಪರದೆಯತ್ತ ತಿರುಗಿಕೊಂಡ.

ಊರಿನ ಮಕ್ಕಳ ಹೊಟ್ಟೆಗೆ ಸೇರುತ್ತಿದ್ದ ವಿಷಕ್ಕೆ ಇದ್ದ ಒಂದೇ ಸಾಕ್ಷಿ ಹೀಗೆ ಬೂದಿಯಾಗಿತ್ತು. ಉಳಿದದ್ದು ಯಾವುದು? ಹೆಸರು ತಾರೀಖು ಎರಡನ್ನೂ ಕಳೆದುಕೊಂಡು ಬರೀ ಅಂಕಿಗಳನ್ನು ಹೊತ್ತ ಚಿಲ್ಲರೆ ಫೈಲುಗಳು. ಬರೆಯುತ್ತಿರುವಾಗ ಯಂತ್ರ ತಾನಾಗಿ ಆಗಾಗ ಉಳಿಸಿಕೊಂಡ ಕರಡುಗಳು. ಅವನು ಒಂದನ್ನು ತೆರೆದ. ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

'ಅಮ್ಮಾ, ಅಪ್ಪಾ, ನನಗೆ ಇಲ್ಲಿ ಬಾಲಲು ಮನಸ್ಸಿಲ್ಲ. ಮನೆ ಬಿಟ್ಟು ಹೊಗುತ್ತಿದ್ದೇನೆ. ಈ ನೊವು ತಾಲಲಾರೆ. ನನ್ನನ್ನು ಹುಡುಕಬೇಡಿ.'

ಅದೇ ಪತ್ರ. ಆದರೆ ಅದೇ ಪತ್ರವಲ್ಲ.

ಆಕೆ ಚೀಲದಿಂದ ಪೊಲೀಸ್ ವರದಿಯ ಪ್ರತಿಯನ್ನು ತೆಗೆದಳು. ಅದರಲ್ಲಿ ಇನ್‌ಸ್ಪೆಕ್ಟರು ಪತ್ರವನ್ನು 'ಇದ್ದದ್ದು ಇದ್ದಂತೆ' ನಕಲು ಮಾಡಿದ್ದರು. ಬಾಳಲು, ಹೋಗುತ್ತಿದ್ದೇನೆ, ನೋವು, ತಾಳಲಾರೆ. ಒಂದು ಕೊಂಬೂ ಒಂದು ದೀರ್ಘವೂ ತಪ್ಪಿರಲಿಲ್ಲ.

"ತಿದ್ದಿದ್ದಾರೆ," ಎಂದಳು ಆಕೆ, ಹಲ್ಲು ಕಚ್ಚಿ. "ಸಾಕ್ಷಿಯನ್ನು ತಿದ್ದುವುದಕ್ಕೆ ಇದೇನು ಶಾಲೆಯ ಪ್ರಬಂಧವೇ?"

"ಪಾಪ, ಓದೋವಾಗ ಕಣ್ಣೇ ಸರಿಮಾಡ್ಕೊಂಡುಬಿಡುತ್ತೆ ಅಮ್ಮಾ. ನಾನೂ 'ತಾಳಲಾರೆ' ಅಂತಲೇ ಓದಿದೆ. ಅವಸರದಲ್ಲಿ ಹೊಡೆದಿರ್ತಾಳೆ, ಮನೆ ಬಿಟ್ಟು ಹೋಗೋಳಿಗೆ ಕಾಗುಣಿತ ಯಾಕೆ?"

"ಅವಸರದ ತಪ್ಪಿಗೆ ಕ್ರಮವಿರುವುದಿಲ್ಲ. ಇದಕ್ಕೆ ಕ್ರಮವಿದೆ." ಆಕೆ ಪರದೆಗೆ ಬೆರಳಿಟ್ಟಳು. "ಟಕಾರ ಸರಿಯಾಗಿದೆ. ಡಕಾರ ಸರಿಯಾಗಿದೆ. 'ಬೇಡಿ'ಯ ದೀರ್ಘ ಸರಿಯಾಗಿದೆ. ತಪ್ಪಿರುವುದು ಎರಡೇ. ಳಕಾರ, ಮತ್ತೆ ಓಕಾರದ ದೀರ್ಘ. ಬರೆದಲ್ಲೆಲ್ಲ ತಪ್ಪಿದೆ."

ಈ ಅಕ್ಷರಗಳೆಲ್ಲ ಬರುವ ದಾರಿ ಒಂದೇ. ಇಂಗ್ಲಿಷಿನ 'ಎಲ್' ಒತ್ತಿದರೆ ಲ ಬೀಳುತ್ತದೆ, ಶಿಫ್ಟ್ ಕೀ ಹಿಡಿದುಕೊಂಡು ಅದನ್ನೇ ಒತ್ತಿದರೆ ಳ. 'ಡಿ' ಒತ್ತಿದರೆ ದ, ಶಿಫ್ಟ್ ಹಿಡಿದರೆ ಡ. 'ಓ' ಒತ್ತಿದರೆ ಒ, ಶಿಫ್ಟ್ ಹಿಡಿದರೆ ಓ. ಡಕಾರ ಬಂದವರಿಗೆ ಳಕಾರ ಬಾರದಿರಲು ಕಾರಣವೇ ಇಲ್ಲ.

"ಆ ಯಂತ್ರದ ಕೀಬೋರ್ಡ್ ಎಲ್ಲಿ?"

ಅವನು ಮೂಲೆಯ ಡಬ್ಬದಿಂದ ಅದನ್ನು ಎಳೆದು ತಂದು ಸಿಕ್ಕಿಸಿದ. ಬಲಗಡೆಯ ಶಿಫ್ಟ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. "ಸತ್ತಿದೆ. ಯಾವಾಗಲೋ ಏನೋ ಚೆಲ್ಲಿದಾರೆ, ಅಂಟು ಹಿಡಿದಿದೆ. ಕ್ಯಾಪ್ಸ್ ಲಾಕೂ ಅಷ್ಟೇ. ಎಡಗಡೇ ಶಿಫ್ಟು ಮಾತ್ರ ಜೀವಂತವಾಗಿದೆ."

ಆಕೆ ತನ್ನ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈಯೊಂದರಿಂದಲೇ ಎಡ ಶಿಫ್ಟನ್ನೂ 'ಡಿ'ಯನ್ನೂ ಒಟ್ಟಿಗೆ ಒತ್ತಿದಳು. ಸುಲಭ. 'ಟಿ'ಯೂ ಎಟುಕಿತು. 'ಎಲ್' ಎಟುಕಲಿಲ್ಲ. ಕೈ ಬದಲಿಸಿ ನೋಡಿದಳು. ಬೆರಳುಗಳನ್ನು ನೋಯುವಷ್ಟು ಅಗಲಿಸಿದರೂ 'ಎಲ್' ಮತ್ತು 'ಓ' ಆಚೆ ದಡದಲ್ಲೇ ಉಳಿದವು.

"ಒಂದೇ ಕೈ," ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಹಿತವಾಗಲಿಲ್ಲ. "ಇದನ್ನು ಬರೆದವರು ಒಂದೇ ಕೈಯಿಂದ ಬರೆದಿದ್ದಾರೆ. ಚೂಟಿ ಬರೆದದ್ದಲ್ಲ."

ಸಂತೋಷಪಡಬೇಕಾಗಿತ್ತು. ಆದರೆ ರಿಪೇರಿಯವನು ಅಷ್ಟರಲ್ಲಿ ಇನ್ನೊಂದು ಕರಡನ್ನು ತೆರೆದಿದ್ದ. ಮುಗಿಯದ ಪತ್ರ. ಮೂರನೆಯ ಸಾಲಿನ ಕೊನೆಯಲ್ಲಿ ಹೀಗಿತ್ತು:

'ಈ ನೊವು ತಾಲ ತಾಲ ತಾ ಲ ತಾಲ'

ಹಾರ್ಡ್ ಡಿಸ್ಕು ಒಮ್ಮೆ ಗಟ್ಟಿಯಾಗಿ ಟಿಕ್ ಎಂದು ನಿಂತುಹೋಯಿತು. ಮತ್ತೆ ತಿರುಗಲಿಲ್ಲ.

"ಹೋದ," ಎಂದ ರಿಪೇರಿಯವನು, ಟೋಪಿಯಿಲ್ಲದ ತಲೆಯಿಂದ ಟೋಪಿ ತೆಗೆಯುವವನಂತೆ ಕೈಯಾಡಿಸಿ. "ಉಳಿಸಿಕೊಂಡದ್ದನ್ನೆಲ್ಲ ಇನ್ನೊಂದು ಡಿಸ್ಕಿಗೆ ಹಾಕಿದೀನಿ. ಅದೊಂದೇ ಈಗ."

"ಜೋಪಾನವಾಗಿಡಿ. ಆ ಎರಡು ಕರಡುಗಳನ್ನು ಎರಡು ಹಾಳೆಗಳಲ್ಲಿ ಅಚ್ಚು ಹಾಕಿಕೊಡಿ. ಆ ಕೀಬೋರ್ಡೂ ನನಗೆ ಬೇಕು."

*

ಚೂಟಿಯ ಮನೆ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ತಾಯಿ ಬಂದವರ ಮುಖವನ್ನು ನೋಡಲಿಲ್ಲ, ಚಪ್ಪಲಿಯ ಸದ್ದನ್ನು ಕೇಳಿದಳು. ಕಣ್ಣಿನ ಪೊರೆ ಬಲಿತು ಅವಳ ಪಾಲಿಗೆ ಜಗತ್ತು ಮಂಜಾಗಿತ್ತು.

"ನೀನಾ ತಾಯಿ? ಸಿಕ್ಕಿತಾ ಏನಾದ್ರೂ? ಅವಳ ಒಂದು ಚಿತ್ರ ಆದ್ರೂ ಸಿಕ್ಕಿತಾ?"

"ಒಂದು ಹೆಬ್ಬೆರಳು ಸಿಕ್ಕಿದೆ ಅಮ್ಮಾ," ಎಂದು ಸತ್ಯ ಹೇಳಲು ಪತ್ತೇದಾರಿಣಿಗೆ ನಾಲಿಗೆ ಬರಲಿಲ್ಲ. "ಸ್ವಲ್ಪ ಸಿಕ್ಕಿದೆ," ಎಂದಳು. "ಅಮ್ಮಾ, ಆ ಪತ್ರವನ್ನು ನೀವು ಕಣ್ಣಾರೆ ಕಂಡಿರಾ?"

"ನನಗೆಲ್ಲಿ ಕಾಣುತ್ತೆ! ಇನ್‌ಸ್ಪೆಕ್ಟರೇ ಓದಿ ಹೇಳಿದ್ರು. ಪುಣ್ಯಾತ್ಮ, ಓದ್ತಾ ಓದ್ತಾ ಅವರ ಗಂಟಲೂ ಕಟ್ಟಿತು."

ಗಟ್ಟಿಯಾಗಿ ಓದಿದರೆ ತಪ್ಪುಗಳೆಲ್ಲ ಗಾಳಿಯಲ್ಲಿ ಕರಗಿಹೋಗುತ್ತವೆ. ಲಕಾರಕ್ಕೆ ಓದುವವನ ನಾಲಿಗೆಯೇ ಳಕಾರವನ್ನು ದಾನ ಮಾಡುತ್ತದೆ.

ಒಳಗಿನ ಕೋಣೆಯಲ್ಲಿ ಇಬ್ಬರಿದ್ದರು. ಕಿಟಕಿಯ ಬಳಿ, ಗಾಲಿ ಕುರ್ಚಿಯಲ್ಲಿ, ಚೂಟಿಯ ತಂದೆ. ಊರಿಗೆಲ್ಲ ಅವರು ಮೇಷ್ಟ್ರು. ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಲೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಮೇಜಿನ ಬಳಿ ಆ ಅಳಿಯ, ಚೂಟಿಯ ಭಾವ, ತನ್ನ ಲ್ಯಾಪ್‌ಟಾಪ್ ತೆರೆದುಕೊಂಡು ಕುಳಿತಿದ್ದ. ಮನೆಯಲ್ಲಿ ದುಃಖ ಕಾಲು ಮುರಿದುಕೊಂಡು ಬಿದ್ದಿದ್ದರೂ ಅವನ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ.

"ಬನ್ನಿ ಮೇಡಂ. ಗುಜರಿಯಿಂದ ಏನು ಮುತ್ತು ರತ್ನ ಹೆಕ್ಕಿ ತಂದ್ರಿ?"

"ನಿಮ್ಮನ್ನೇ ಕೇಳಬೇಕು. ಆ ಕಂಪ್ಯೂಟರನ್ನು ಒರೆಸಿ ಮಾರಲು ಹೇಳಿದವರು ನೀವು."

"ಹೌದು, ನಾನೇ. ಅತ್ತೆ ದಿನಾ ಅದರ ಮುಂದೆ ಕೂತು ಪರದೆ ಸವರ್ತಾ ಇದ್ರು. ನೋಡಕ್ಕಾಗಲಿಲ್ಲ. ಇಟ್ಕೊಂಡು ಅಳೋ ಬದಲು ಮಾರಿಬಿಡಿ ಅಂತ ಇನ್‌ಸ್ಪೆಕ್ಟರೇ ಹೇಳಿದ್ರು. ತಪ್ಪಾ?"

ವಶಪಡಿಸಿಕೊಳ್ಳಬೇಕಾದ ವಸ್ತುವನ್ನು ಮಾರಿ ಎಂದು ಹೇಳುವ ಪೊಲೀಸು! ಪತ್ತೇದಾರಿಣಿಗೆ ಮೈಯುರಿಯಿತು. ಸೋಮಾರಿತನವು ಕಾಯಿದೆಯ ಉಡುಪು ಧರಿಸಿ ತಿರುಗುವ ಕಾಲದಲ್ಲಿ ಇದೂ ಒಂದು ಸೋಮಾರಿತನವೆಂದೇ ಆಕೆ ಎಣಿಸಿದಳು.

ಆಕೆ ಚೀಲದಿಂದ ಹಳೆಯ ಕೀಬೋರ್ಡನ್ನು ತೆಗೆದು ಅವನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. "ನಾನು ಹೇಳಿದ್ದನ್ನು ಇದರಲ್ಲಿ ಬರೆಯಿರಿ. 'ಬಾಳಿನ ಗೋಳು ತಾಳಲಾರೆ.'"

ಭಾವ ನಕ್ಕ. "ಉಕ್ತಲೇಖನಾನಾ? ಮಾವನ ಮನೆ ಅಂದ್ಮೇಲೆ ಇದೊಂದು ಬಾಕಿ ಇತ್ತು ನೋಡಿ. ಮದುವೆಗೆ ಮುಂಚೆ ನನ್ನ ಕೈಲಿ ಒಂದು ಪುಟ ಬರೆಸಿ ನೋಡಿದ್ರು ಮೇಷ್ಟ್ರು. ಹುಡುಗನ ಕೆಲಸ ಕೇಳಲಿಲ್ಲ, ಲಳ ಭೇದ ಗೊತ್ತಾ ಅಂತ ಕೇಳಿದ್ರು."

ಎರಡೂ ಕೈಗಳಿಂದ ಟಪಟಪನೆ ಬಡಿದ. ಮೊದಲ ಸಲ ಬಲ ಶಿಫ್ಟ್ ಒತ್ತಿ, "ಥೂ, ಇದು ಸತ್ತಿದೆ," ಎಂದು ಎಡಗೈಗೆ ಬದಲಾಯಿಸಿದ. ಸಾಲು ಮೂಡಿತು. 'ಬಾಳಿನ ಗೋಳು ತಾಳಲಾರೆ.' ಕೂದಲೆಳೆಯಷ್ಟೂ ತಪ್ಪಿಲ್ಲ.

"ಪಾಸಾ?"

ಪತ್ತೇದಾರಿಣಿ ಅಚ್ಚು ಹಾಕಿಸಿದ ಎರಡು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಒಂದೇ ಕೈಯ ಕಥೆಯನ್ನು ಬಿಡಿಸಿ ಹೇಳಿದಳು. "ಬೇಕೆಂದೇ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಬರೆಯಬಹುದಲ್ಲ ನೀವು?"

ಅವನ ನಗು ಆರಿತು. "ಅಂದ್ರೆ ನಾನು ಬರೆದೆ ಅಂತಾನಾ? ನನ್ನ ನಾದಿನಿಗೆ ನಾನೇ ಹಳ್ಳ ತೋಡಿದೆ ಅಂತಾನಾ? ಮನೆಯೊಳಗೆ ಬಿಟ್ಟುಕೊಂಡಿದ್ದಕ್ಕೆ ಒಳ್ಳೇ ಮರ್ಯಾದೆ ಕೊಟ್ರಿ ಕಣ್ರೀ!" ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. "ಈಗಲೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೀನಿ. ನೀವು, ನಿಮ್ಮ ರಿಪೇರಿ ಅಂಗಡಿ, ನಿಮ್ಮ ಡಿಸ್ಕು, ಎಲ್ಲ ಹೇಳ್ತೀನಿ. ಅವರೇ ಬಂದು ವಿಚಾರಿಸಲಿ."

"ಮಾಡಿ," ಎಂದಳು ಆಕೆ. "ಬರಲಿ. ಸಾಕ್ಷಿಯನ್ನು ತಿದ್ದಿದ್ದೇಕೆಂದು ನಾನೂ ಅವರನ್ನು ಕೇಳಬೇಕು."

ಅವನು ದಡದಡನೆ ಹೊರಗಿನ ಮೊಗಸಾಲೆಗೆ ಹೋದ. "ಅಯ್ಯೋ, ಜಗಳ ಬೇಡ ಕಣಪ್ಪಾ," ಎನ್ನುತ್ತ ತಾಯಿ ಗೋಡೆ ಹಿಡಿದುಕೊಂಡು ಅವನ ಹಿಂದೆ ಹೋದಳು.

ಪತ್ತೇದಾರಿಣಿ ಎರಡನೆಯ ಹಾಳೆಯನ್ನೇ ನೋಡುತ್ತ ನಿಂತಳು. 'ತಾಲ ತಾಲ ತಾ ಲ ತಾಲ.'

ಮೋಸ ಮಾಡುವವನು ತಪ್ಪು ಬರೆದು ಸುಮ್ಮನಾಗುತ್ತಾನೆ. ಕಲಿಯದವನಿಗೆ ತಪ್ಪು ಬರೆದದ್ದೇ ತಿಳಿಯುವುದಿಲ್ಲ. ಇಲ್ಲಿ ಬರೆದವನಿಗೆ ತಿಳಿದಿದೆ. ಬರೆಯುತ್ತಾನೆ, ಮನಸ್ಸೊಪ್ಪದೆ ಮತ್ತೆ ಬರೆಯುತ್ತಾನೆ, ಮತ್ತೆ ಬರೆಯುತ್ತಾನೆ. ಪ್ರಾಣ ಹೋಗುವಂಥ ಹೊತ್ತಿನಲ್ಲೂ ಳಕಾರ ಇರಬೇಕಾದಲ್ಲಿ ಲಕಾರವನ್ನು ಬಿಟ್ಟು ಮುಂದೆ ಹೋಗಲು ಅವನ ಮನಸ್ಸು ಒಪ್ಪುತ್ತಿಲ್ಲ. ಅಕ್ಷರ ಬಲ್ಲ ಮನಸ್ಸು, ಅಕ್ಷರಕ್ಕೆ ಎಟುಕದ ಕೈ.

ಆಕೆ ನಿಧಾನವಾಗಿ ತಲೆಯೆತ್ತಿದಳು.

ಮೇಷ್ಟ್ರು ಆಕೆಯನ್ನೇ ನೋಡುತ್ತಿದ್ದರು. ಅವರ ಬಲಗೈ ಮಡಿಲಲ್ಲಿ, ಯಾರೋ ಮರೆತು ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಎಡಗೈ ಕುರ್ಚಿಯ ತೋಳನ್ನು ಅಮುಕಿ ಹಿಡಿದಿತ್ತು.

*

ಆಕೆ ಬಾಗಿಲನ್ನು ಓರೆ ಮಾಡಿ ಬಂದು, ಕೀಬೋರ್ಡನ್ನು ಅವರ ಮೊಣಕಾಲಿನ ಮೇಲಿಟ್ಟಳು.

"ಮೇಷ್ಟ್ರೇ, ಒಂದೇ ಪದ. 'ತಾಳು.'"

ಅವರು ಕೀಬೋರ್ಡಿನಿಂದ ಕಣ್ಣು ಹೊರಳಿಸಿದರು.

"ನಿಮ್ಮ ಕೈಕೆಳಗೆ ಎಷ್ಟು ಸಾವಿರ ಮಕ್ಕಳು ಈ ಅಕ್ಷರ ತಿದ್ದಿದ್ದಾರೋ! ನಾನೂ ನಿಮ್ಮಂಥ ಒಬ್ಬರ ಮುಂದೆ ಕೂತು ತಿದ್ದಿದವಳೇ. ನನ್ನ ಊಹೆ ಸುಳ್ಳಾದರೆ ನಿಮ್ಮ ಕಾಲು ಹಿಡಿದುಕೊಳ್ಳುತ್ತೇನೆ. ಬರೆಯಿರಿ."

ಎಡಗೈ ಏರಿತು. ಒಂದು ಬೆರಳು 'ಟಿ'ಯ ಮೇಲೆ ಬಿತ್ತು, ಆಮೇಲೆ 'ಎ'. ಆಮೇಲೆ ಹೆಬ್ಬೆರಳು ಆ ಕಡೆಗೂ ಕಿರುಬೆರಳು ಈ ಕಡೆಗೂ ಚಾಚಿ ಚಾಚಿ ಸೋತವು. ಮುದಿ ಚರ್ಮದ ಕೆಳಗೆ ನರ ಉಬ್ಬಿತು. ಪರದೆಯ ಮೇಲೆ ಮೂಡಿದ್ದು 'ತಾಲು'.

ಮೇಷ್ಟ್ರ ಕಣ್ಣಿಂದ ನೀರು ಒಂದೇ ಕಡೆ ಇಳಿಯಿತು. ಇನ್ನೊಂದು ಕೆನ್ನೆಗೆ ಅಳುವುದೂ ಮರೆತುಹೋಗಿತ್ತು.

"ಯಾಕೆ ಮೇಷ್ಟ್ರೇ?" ಪತ್ತೇದಾರಿಣಿಯ ದನಿ ತಾನು ಬಯಸಿದ್ದಕ್ಕಿಂತ ಕಠಿಣವಾಗಿ ಬಂತು. "ಹೆತ್ತ ಮಗಳನ್ನು ಹುಡುಕಬೇಡಿ ಅಂತ ಯಾವ ತಂದೆ ಬರೀತಾನೆ? ನೀವು ಬರೆದ ಆ ನಾಲ್ಕು ಸಾಲಿನಿಂದ ಹುಡುಕಾಟವೇ ನಿಂತುಹೋಯಿತು. ಜನರ ಬಾಯಿಗೆ ಹೆದರಿದಿರಾ? ಮಾನಕ್ಕೆ ಹೆದರಿದಿರಾ?"

"ಮಾನ..." ಅವರು ನಾಲಿಗೆಯನ್ನು ಒದ್ದಾಡಿಸಿ ಮಾತು ಹೊರದಬ್ಬಿದರು. "ಮಾನ ಯಾರಿಗೆ ಬೇಕಮ್ಮಾ. ಹೇಳಿ... ಬರೆಸಿದ್ರು."

"ಯಾರು?"

ಅವರು ಬಾಗಿಲ ಕಡೆ ನೋಡಿದರು. ಹೊರಗೆ ಅಳಿಯನ ದನಿ ಕೇಳುತ್ತಿತ್ತು. 'ಹೌದು ಸಾರ್, ಡಿಸ್ಕ್ ಇನ್ನೂ ಆ ಅಂಗಡೀಲೇ ಇದೆಯಂತೆ ಸಾರ್.'

"ಅವಳು ಬಾರದ ಮಾರನೇ ಬೆಳಿಗ್ಗೆ. ಇವಳು, ಚೂಟಿ ಅಮ್ಮ, ಅಳಿಯನ ಕೈ ಹಿಡ್ಕೊಂಡು ಗೆಳತಿಯರ ಮನೆಗೆಲ್ಲ ವಿಚಾರಿಸಕ್ಕೆ ಹೋಗಿದ್ಲು. ನಾನೊಬ್ಬನೇ. ಅವನು ಬಂದ. ಒಬ್ಬನೇ ಬಂದ." ಪ್ರತಿ ಮಾತಿನ ನಡುವೆ ಅವರು ಉಸಿರು ಹೆಕ್ಕಿಕೊಳ್ಳುತ್ತಿದ್ದರು. "ಫೋನು ಕಿವಿಗೆ ಹಿಡಿದ. ಅವಳ ದನಿ. ಜೀವಂತವಾಗಿದ್ಲು. ಆಮೇಲೆ ಅಂದ, ಮೇಷ್ಟ್ರೇ, ನಾನು ಹೇಳಿದ ಹಾಗೆ ಬರೆದುಕೊಡಿ, ಸದ್ದು ಅಡಗಲಿ, ಸಂಜೆಗೆ ಮಗಳು ಮನೇಲಿರ್ತಾಳೆ. ಬರೀಲಿಲ್ಲ ಅಂದ್ರೆ... ಬಾಯಿ ಬಿಟ್ರೆ..."

"ಅವನೇ ಬರೆದುಕೊಳ್ಳಬಹುದಿತ್ತಲ್ಲ!"

"ನನ್ನ ಕೈಲೇ ಆಗಬೇಕಂತೆ. ನಾನೇ ಬರೆದವನಾದ್ರೆ ನಾನು ಯಾರ ಮುಂದೆ ಹೇಳ್ಲಿ?"

ಪತ್ತೇದಾರಿಣಿ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಎಂಥ ಕ್ರೌರ್ಯವಿದು! ಕೊಲೆಗಾರನೂ ಕತ್ತಿಯನ್ನು ತನ್ನ ಕೈಯಲ್ಲೇ ಹಿಡಿಯುತ್ತಾನೆ. ಇವನು ತಂದೆಯ ಕೈಯಲ್ಲಿ ಹಿಡಿಸಿದ್ದ. ಸುಳ್ಳು ಬರೆಯಬಾರದೆಂದು ಕಪ್ಪುಹಲಗೆಯ ಮೇಲೆ ಆಯುಷ್ಯವೆಲ್ಲ ಬರೆದ ಕೈ ಸತ್ತುಹೋಗಿತ್ತು. ಬದುಕಿದ್ದ ಕೈ ಸುಳ್ಳನ್ನು ಬರೆದಿತ್ತು.

"ಫೋನಿನಲ್ಲಿ ಚೂಟಿ ಏನಂದಳು ಮೇಷ್ಟ್ರೇ?"

ಅವರ ತುಟಿ ಓರೆಯಾಯಿತು.

"'ಅಪ್ಪಾ, ಬರೀಬೇಡಿ,' ಅಂದ್ಲು." ಎಡಗೈ ಕೀಬೋರ್ಡಿನ ಮೇಲೆ ಮುಷ್ಟಿಯಾಗಿ ಬಿದ್ದಿತು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು ಓಡಿತು. "ಅಷ್ಟೇ ಅಂದ್ಲು. 'ಅವರು ಏನೇ ಹೇಳ್ಲಿ, ಬರೀಬೇಡಿ.' ನಾನು ಬರೆದೆ."

"ಅವನು ಅಂದರೆ ಯಾರು? ಪ್ರಯೋಗಾಲಯದ ಮುಖ್ಯಸ್ಥನೇ?"

ಮೇಷ್ಟ್ರು ತಲೆಯಾಡಿಸಿದರು. ಇಲ್ಲವೆಂಬಂತೆ.

"ಮಧ್ಯಾಹ್ನ ಮತ್ತೆ ಬಂದ. ಈ ಸಲ ಪೇದೆಗಳ ಜೊತೆ. ಕಂಪ್ಯೂಟರ್ ತೆಗೆದು ಅಯ್ಯೋ ಅಂದ. ಇವಳ ಮುಂದೆ ನಿಂತುಕೊಂಡು ಓದಿದ." ಅವರು ಕಣ್ಣು ಮುಚ್ಚಿಕೊಂಡರು. "ಗಂಟಲು ಕಟ್ಟಿಸಿಕೊಂಡು ಓದಿದ."

ಇನ್‌ಸ್ಪೆಕ್ಟರೇ ಹಾಗಾದರೆ! ಸೋಮಾರಿತನವಲ್ಲ, ಅಜಾಗರೂಕತೆಯಲ್ಲ. ಒಂದೇ ಕೈಯ ಗುರುತನ್ನು ಕಂಡುಕೊಂಡವನೇ ಅದನ್ನು ತಿದ್ದಿ ಅಳಿಸಿದ್ದ. ಒರೆಸಿ ಮಾರಿ ಎಂದು ಅಳಿಯನ ಕಿವಿಯಲ್ಲಿ ಉಸುರಿದ್ದ. ತಾನಾದರೋ 'ಬರಲಿ' ಎಂದು ದೊಡ್ಡದಾಗಿ ಎದೆ ಸೆಟೆಸಿ ಅವನನ್ನು ಕರೆಸಿದ್ದಳು!

ಬಾಗಿಲು ತೆರೆಯಿತು. ಭಾವ ತಲೆ ಒಳಗೆ ಹಾಕಿದ. ದನಿ ಈಗ ಸ್ವಲ್ಪ ಇಳಿದಿತ್ತು. "ಇನ್‌ಸ್ಪೆಕ್ಟರ್ ಆಗಲೇ ಹೊರಟುಬಿಟ್ಟಿದ್ದಾರೆ ಮೇಡಂ, ಠಾಣೆಯಿಂದ ಅಂಗಡಿ ಎರಡೇ ಹೆಜ್ಜೆ. ಮೊದಲು ಅಂಗಡಿಗೆ ಹೋಗಿ ಆಮೇಲೆ ಇಲ್ಲಿಗೆ ಬರ್ತಾರಂತೆ. ಯಾಕೆ, ಮಾವ ಯಾಕೆ ಅಳ್ತಿದಾರೆ?"

ಆಕೆ ಚೀಲದಲ್ಲಿ ಕೈಯಾಡಿಸಿ ಫೋನು ಹುಡುಕಿ ರಿಪೇರಿಯವನಿಗೆ ಕರೆ ಮಾಡಿದಳು. ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. ಮತ್ತೆ ಮಾಡಿದಳು.

"ಹಲೋ ಅಮ್ಮಾ!" ಎಂದಿನ ಉತ್ಸಾಹ. "ನಾನೇ ಮಾಡೋಣ ಅಂತಿದ್ದೆ. ಸಾಹೇಬ್ರು ಬಂದಿದಾ..."

"ಡಿಸ್ಕ್ ಕೊಡಬೇಡಿ! ಏನು ಹೇಳಿದರೂ ಕೊಡಬೇಡಿ!"

"ಕೊಟ್ಟೆನಲ್ಲ." ಅವನ ದನಿ ಕುಗ್ಗಿತು. "ನೀವೇ ಕಳಿಸಿದ್ದು ಅಂದ್ರು. ಸತ್ತ ಡಿಸ್ಕೂ, ಹೊಸದೂ, ಎರಡೂ... ಅಮ್ಮಾ, ಒಂದ್ನಿಮಿಷ, ಸಾಹೇಬ್ರು ಫೋನ್ ಕೇಳ್ತಿದಾರೆ."

ಮೇಜಿನ ಮೇಲೆ ಆ ಎರಡು ಹಾಳೆಗಳು ಫ್ಯಾನಿನ ಗಾಳಿಗೆ ಏಳುತ್ತ ಬೀಳುತ್ತ ಇದ್ದವು. ಯಾರು ಬೇಕಾದರೂ ಯಾವಾಗ ಬೇಕಾದರೂ ಅಚ್ಚು ಹಾಕಬಹುದಾದ ಎರಡು ಹಾಳೆಗಳು. ಯಾವ ನ್ಯಾಯಾಲಯವೂ ಅವುಗಳತ್ತ ಕಣ್ಣೆತ್ತಿ ನೋಡುವುದಿಲ್ಲ.

ಅತ್ತ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಒಂದು ಸೌಜನ್ಯದ, ಅವಸರವಿಲ್ಲದ ದನಿ.

"ನಮಸ್ಕಾರ ಗರಗಸಮ್ಮನವರೇ. ಅಂಗಡಿಯವನನ್ನ ಹೊರಗೆ ನಿಲ್ಲಿಸಿದೀನಿ, ಆರಾಮವಾಗಿ ಮಾತಾಡಬಹುದು. ಮೇಷ್ಟ್ರು ಪಕ್ಕದಲ್ಲೇ ಇದ್ದಾರಾ?"

ಆಕೆ ಉಸಿರೆತ್ತಲಿಲ್ಲ.

"ಇದ್ದಾರೆ ಅಂತ ಗೊತ್ತು. ಎಲ್ಲ ಹೇಳಿಕೊಂಡಿದ್ದಾರೆ ಅಂತಲೂ ನಿಮ್ಮ ಮೌನ ಹೇಳ್ತಿದೆ. ಪಾಪ, ವಯಸ್ಸಾದವರು. ಇನ್ನು ನೀವು ಅದನ್ನ ಯಾರಿಗೂ ಹೇಳಬಾರದು, ಅಷ್ಟೇ. ಸ್ವಲ್ಪ ಅವರಿಗೆ ಫೋನ್ ಕೊಡಿ. ನನ್ನ ಇನ್ನೊಂದು ಕೈಲಿ ಇನ್ನೊಂದು ಫೋನಿದೆ. ಮಗಳು ಮಾತಾಡ್ತಾಳಂತೆ."

ಫೋನಿನ ದನಿ ಜೋರಾಗಿತ್ತು, ಆ ಮಾತು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಮೇಷ್ಟ್ರು ಬೇಡ, ಬೇಡ ಎಂಬಂತೆ ತಲೆಯನ್ನು ಕುರ್ಚಿಗೆ ಒತ್ತಿಕೊಂಡರು.

ಆದರೆ ಅಳಿಯನ ಬೆನ್ನ ಹಿಂದಿನಿಂದ, ಗೋಡೆಯನ್ನೂ ಬಾಗಿಲ ಚೌಕಟ್ಟನ್ನೂ ತಡವುತ್ತ, ಓರೆ ಬಾಗಿಲಾಚೆ ನಿಂತು ಗಂಡನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ತಾಯಿ ಒಳಗೆ ಬಂದುಬಿಟ್ಟಿದ್ದಳು. ಅವಳ ಮಂಜುಗಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ದನಿ ಬಂದತ್ತ ನಡೆದಳು.

"ನನ್ನ ಮಗಳಾ? ಕೊಡು ತಾಯಿ, ನನಗೆ ಕೊಡು," ಎನ್ನುತ್ತ ಅವಳು ಪತ್ತೇದಾರಿಣಿಯ ಮಣಿಕಟ್ಟನ್ನು ಹಿಡಿದುಕೊಂಡಳು. "ಅವರು ಏನು ಬರೀ ಅಂದ್ರೂ ನಾನು ಬರೆದುಕೊಡ್ತೀನಿ."